ಶೆಟ್ಟಮ್ಮನ ಎರಡನೆಯ ಗಂಡ

ಕಳೆದ ತಿಂಗಳು ಬೇಸ್‌ಮೆಂಟಿಗೆ ನೀರು ನುಗ್ಗಿ, ಅಲ್ಲಿದ್ದ ರಟ್ಟಿನ ಡಬ್ಬಗಳನ್ನೆಲ್ಲ ಮೇಲೆ ಸಾಗಿಸಬೇಕಾಯಿತು. ಒಂದರ ತಳದಲ್ಲಿ ಹಳದಿ ಪೋಸ್ಟರ್ ಬಣ್ಣದ ಪುಟ್ಟ ಶೀಷೆ ಸಿಕ್ಕಿತು. ಮುಚ್ಚಳ ಕಚ್ಚಿಕೊಂಡುಬಿಟ್ಟಿತ್ತು. ಬಿಸಿನೀರಿನಲ್ಲಿಟ್ಟು, ಬಟ್ಟೆ ಸುತ್ತಿ ತಿರುಗಿಸಿದೆ. ಒಳಗೆ ಬಣ್ಣ ಬೇಸಿಗೆಯ ಕೆರೆಯಂತೆ ಒಣಗಿ ಬಿರಿದಿತ್ತು. ಆದರೆ ವಾಸನೆ ಮಾತ್ರ... ಅಂಟು, ಸುಣ್ಣ, ಒದ್ದೆ ಕುಂಚ ಎಲ್ಲ ಕಲೆತ ಅದೇ ವಾಸನೆ. ಮೂಗಿಗೆ ಬಡಿದ ಕೂಡಲೇ ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ.

"ಅಮ್ಮೀ, ದಟ್ಸ್ ಗ್ರೋಸ್. ಥ್ರೋ ಇಟ್," ಎಂದಳು ಮಗಳು.

ಎಸೆಯಲಿಲ್ಲ. ಆ ಬಣ್ಣವನ್ನು ಅಂಗಡಿಯಿಂದ ತಂದವಳು ನಾನೇ. ನಾನೂ ಎದುರು ಮನೆಯ ಆಂಟಿಯೂ ಸೇರಿ ಮಾಡಿದ ಒಂದು ತಪ್ಪಿಗೆ ಈಗ ಉಳಿದಿರುವ ಸಾಕ್ಷಿಗಳಲ್ಲಿ ಅದೂ ಒಂದು. ತಪ್ಪಿನ ಇನ್ನೊಬ್ಬ ಪಾಲುದಾರರು ಈಗಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಅಮೆರಿಕದ ಡೆಟ್ರಾಯ್ಟ್ ಬಳಿಯ ಟ್ರಾಯ್‌ಗೆ ಬಂದು ಮನೆ ಮಾಡಿದಾಗ ನಮ್ಮ ಬಡಾವಣೆಯಲ್ಲಿ ಕನ್ನಡದ ಮನೆ ಎರಡೇ ಇದ್ದವು. ಒಂದು ನಮ್ಮದು, ದಾವಣಗೆರೆಯ ಸಾಬರ ಮನೆ. ಇನ್ನೊಂದು ಎದುರು ಸಾಲಿನಲ್ಲಿದ್ದ ಮೈಸೂರಿನವರ ಮನೆ. ಆ ಮನೆಯಾಕೆಯನ್ನು ಮಕ್ಕಳೆಲ್ಲ ಗೊಂಬೆ ಆಂಟಿ ಎಂದು ಕರೆಯುತ್ತಿದ್ದರು. ಮಕ್ಕಳನ್ನು ಕೇಳಿ ಕೇಳಿ ದೊಡ್ಡವರಿಗೂ ಅದೇ ರೂಢಿಯಾಯಿತು. ಅವರಿಗಾಗ ಐವತ್ತು ದಾಟಿತ್ತು, ನನಗೆ ಇಪ್ಪತ್ತೆಂಟು. ಗಿಡ್ಡ ಆಳು, ದುಂಡು ಮೈ, ನಕ್ಕರೆ ಹೊಟ್ಟೆಯೂ ನಗುತ್ತಿತ್ತು. ಕಾರು ಓಡಿಸಲು ಲೈಸೆನ್ಸ್ ಇತ್ತು. ಎಕ್ಸ್‌ಪ್ರೆಸ್‌ವೇ ಎಂದರೆ ಮಾತ್ರ ಕೈ ಬೆವರುತ್ತಿತ್ತು. ಹಾಗಾಗಿ ಅವರು ಹೋಗಬೇಕಾದ ಕಡೆಗೆಲ್ಲ ನಾನೇ ಸಾರಥಿ.

ಅವರಿಗೆ ವರ್ಷವೆಂದರೆ ನವರಾತ್ರಿಯ ಒಂಬತ್ತು ದಿನ. ಉಳಿದದ್ದು ಅದರ ಸಿದ್ಧತೆ. ಫ್ಯಾಮಿಲಿ ರೂಮಿನ ಸೋಫಾವನ್ನು ಗರಾಜಿಗೆ ತಳ್ಳಿ, ಪುಸ್ತಕದ ಹಲಗೆಗಳನ್ನು ಮೆಟ್ಟಿಲಾಗಿ ಜೋಡಿಸಿ, ಬಿಳಿ ಬೆಡ್‌ಶೀಟ್ ಹಾಸಿ ಗೊಂಬೆ ಕೂರಿಸುತ್ತಿದ್ದರು. ಮೇಲೆ ಪಟ್ಟದ ರಾಜ ರಾಣಿ, ಕೆಳಗೆ ದೇವರುಗಳು, ಅದರ ಕೆಳಗೆ ಆನೆ, ಸಿಪಾಯಿ, ವಾಲಗದವರು. ಕೊನೆಯ ಮೆಟ್ಟಿಲು ಶೆಟ್ಟಿ ಅಂಗಡಿಗೆ. ಮೈಸೂರು ಕಡೆ ಗೊಂಬೆ ನೋಡಿದವರಿಗೆ ಅದು ಗೊತ್ತು. ಹೊಟ್ಟೆ ಬಿಟ್ಟುಕೊಂಡು ಕೂತ ದಿನಸಿ ಅಂಗಡಿಯ ಶೆಟ್ಟಿ, ಪಕ್ಕದಲ್ಲಿ ಅವನ ಹೆಂಡತಿ ಶೆಟ್ಟಮ್ಮ, ಮುಂದೆ ಪುಟ್ಟ ತಟ್ಟೆಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಆಂಟಿಯ ಅಂಗಡಿಯಲ್ಲಿ ಮಾತ್ರ ಶೆಟ್ಟಮ್ಮ ಒಬ್ಬಳೇ. ಮದುವೆಯಲ್ಲಿ ತಾಯಿ ಕೊಟ್ಟ ಜೋಡಿ ಅದು. ಅಮೆರಿಕಕ್ಕೆ ಬಂದು ಸೂಟ್‌ಕೇಸ್ ತೆರೆದಾಗ ಸೀರೆಯ ಮಡಿಕೆಯೊಳಗೆ ಶೆಟ್ಟಿ ಪುಡಿಪುಡಿಯಾಗಿದ್ದನಂತೆ.

"ಪಾಪ, ಹದಿನೆಂಟು ವರ್ಷದಿಂದ ಒಬ್ಬಳೇ ಅಂಗಡಿ ನೋಡ್ಕೋತಿದಾಳೆ ಕಣೇ," ಎನ್ನುತ್ತಿದ್ದರು. ಊರಿಗೆ ಹೋದಾಗಲೆಲ್ಲ ಹುಡುಕಿದ್ದರು. ಸಿಕ್ಕ ಶೆಟ್ಟಿಗಳಲ್ಲಿ ಒಬ್ಬ ಉದ್ದವಾದ, ಒಬ್ಬನ ಮುಖ ಸಪ್ಪೆ, ಇನ್ನೊಬ್ಬ ಪ್ಲಾಸ್ಟರಿನವನು. ಶೆಟ್ಟಮ್ಮ ಹಳೆಯ ಮಣ್ಣಿನವಳು, ಗೇಣಿಗಿಂತ ಕಡಿಮೆ. ಮಗಳಿಗೆ ಗಂಡು ಹುಡುಕುವವರೂ ಅಷ್ಟು ನಖರಾ ಮಾಡುವುದಿಲ್ಲ ಎಂದು ನಾನು ಛೇಡಿಸುತ್ತಿದ್ದೆ.

ಒಂದು ಜೂನ್ ತಿಂಗಳ ಶನಿವಾರ ಬೆಳಿಗ್ಗೆ ಇಬ್ಬರೂ ವೆಸ್ಟ್ ಬ್ಲೂಮ್‌ಫೀಲ್ಡ್ ಕಡೆ, ಮನೆಯ ಹಳೆಯ ಸಾಮಾನು ಮಾರುವ ಗರಾಜ್ ಸೇಲ್ ನೋಡಲು ಹೊರಟಿದ್ದೆವು. ಆಂಟಿಗೆ ಅದೊಂದು ಚಟ. ಒಂದು ಮನೆಯ ಮುಂದೆ ವಯಸ್ಸಾದ ಬಿಳಿಯರೊಬ್ಬರು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೆಂಡತಿ ತೀರಿಕೊಂಡು ಕೆಲವೇ ತಿಂಗಳಾಗಿತ್ತೆಂದು ನಮಗೆ ಆಮೇಲೆ ತಿಳಿಯಿತು. ಹೆಂಗಸರ ಕೋಟುಗಳು, ಬೇಕಿಂಗ್ ತಟ್ಟೆಗಳು, ದೀಪಗಳು ಎಲ್ಲ ಹರಡಿದ್ದವು. ಅಂಚಿನಲ್ಲಿ 'ಫ್ರೀ' ಎಂದು ಬರೆದ ಡಬ್ಬ. ಆಂಟಿ ಅದರೊಳಗೆ ಕೈ ಹಾಕಿ ತಡಕಾಡಿದವರು ಇದ್ದಕ್ಕಿದ್ದಂತೆ ಕೂಗಿದರು.

"ಸಿಕ್ಕಿದ ಕಣೇ! ನಮ್ಮ ಶೆಟ್ಟಿ!"

ಅವರ ಅಂಗೈಯಲ್ಲಿ ಮಣ್ಣಿನ ಗೊಂಬೆಯೊಂದಿತ್ತು. ದೊಡ್ಡ ಹೊಟ್ಟೆ, ಕುಳ್ಳ ಕಾಲು, ಕಿವಿಯಿಂದ ಕಿವಿಗೆ ಹರಿದ ಬಾಯಿ, ತೋಳಿನಲ್ಲಿ ಒಂದು ಬುಟ್ಟಿ. ಮೈಮೇಲೆಲ್ಲ ಬೂದಿಯಂಥ ಬಿಳಿ ಪದರ. ತೊಟ್ಟ ಅಂಗಿ ಎಷ್ಟು ಮೋಟೆಂದರೆ ಮರ್ಯಾದಸ್ಥರ ಮನೆಯಲ್ಲಿ ದೇವರ ಕೆಳಗಿನ ಮೆಟ್ಟಿಲಲ್ಲಿ ಕೂರಿಸುವಂತಿರಲಿಲ್ಲ. ಆಂಟಿ ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು, "ಪಂಚೆ ಉಡಿಸಿದ್ರೆ ಆಯ್ತು ಬಿಡು," ಎಂದರು. ಆ ಮುದುಕರು ಗೊಂಬೆಯ ಕಡೆ ಸರಿಯಾಗಿ ನೋಡಲೂ ಇಲ್ಲ. ತೆಗೆದುಕೊಂಡು ಹೋಗಿ ಎಂಬಂತೆ ಕೈ ಬೀಸಿದರು.

ಬೇರೆಯವರ ಮನೆಯ ವಸ್ತು ತಂದರೆ ತೊಳೆಯುವುದು, ಹಬ್ಬದ ಮುಂಚೆ ಗೊಂಬೆಗೆ ಹೊಸ ಬಣ್ಣ ಕೊಡುವುದು, ಇವೆರಡೂ ಆಂಟಿಗೆ ಹಲ್ಲುಜ್ಜಿದಷ್ಟು ಸಹಜ. ಸೆಪ್ಟೆಂಬರಿನಲ್ಲಿ ಅಡುಗೆಮನೆಯ ಸಿಂಕಿನಲ್ಲಿ ಶೆಟ್ಟಿಗೆ ಸ್ನಾನವಾಯಿತು. ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಷ್. ನಾನು ಪಕ್ಕದಲ್ಲಿ ನಿಂತು, "ಕಿವಿ ಹಿಂದೆ ಇನ್ನೂ ಬಿಳೀದು ಐತಿ ನೋಡ್ರಿ ಆಂಟಿ, ಇನ್ನೊಂಚೂರು ತಿಕ್ರಿ," ಎಂದೆ. ಅವರು ತಿಕ್ಕಿದರು. ಬಿಳಿ ನೀರು ಹರಿದು ಹೋಯಿತು. ನಡುವೆ ಒಂದಿಷ್ಟು ಗುಲಾಬಿ ಬಣ್ಣವೂ ಹೋದ ನೆನಪು.

ಆಮೇಲೆ ನಾನು ತಂದ ಬಣ್ಣದಲ್ಲಿ ಶೃಂಗಾರ. ಹಳದಿ ಪಂಚೆ, ಕೆಂಪು ಅಂಚು, ಹಣೆಗೆ ಕುಂಕುಮ, ತುಟಿಯ ಮೇಲೆ ಕಪ್ಪು ಮೀಸೆ. ಕಿವಿಗೆ ಬಂಗಾರದ ಒಂಟಿ ಬೇಕೆಂದು ಅಲ್ಲಿಗೂ ಹಳದಿಯ ಚುಕ್ಕೆ. ಆ ವರ್ಷ ಗೊಂಬೆ ನೋಡಲು ಬಂದ ಮಕ್ಕಳು ಅವನ ಮುಂದೆಯೇ ಗುಂಪುಗಟ್ಟಿದರು. ಕೈಯಲ್ಲಿ ಕಡಲೆಕಾಳಿನ ಉಸಲಿ ಹಿಡಿದ ದೊಡ್ಡವರೂ ಅವನ ಮುಖ ಕಂಡ ಕೂಡಲೇ ನಕ್ಕುಬಿಡುತ್ತಿದ್ದರು. ಏಕೆ ನಗುತ್ತಿದ್ದೇವೆಂದು ನಮಗೆ ತಿಳಿಯುತ್ತಿರಲಿಲ್ಲ. ನಗು ಬರುತ್ತಿತ್ತು, ಅಷ್ಟೆ. ಪಕ್ಕದಲ್ಲಿ ಶೆಟ್ಟಮ್ಮ ಹೊಸ ಮದುವಣಗಿತ್ತಿಯಂತೆ ತಲೆ ತಗ್ಗಿಸಿಕೊಂಡಿದ್ದಳು. ತಲೆ ಮೊದಲೂ ತಗ್ಗಿಯೇ ಇತ್ತು, ನಾವು ಗಮನಿಸಿರಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಆಂಟಿ ಚಿಕಾಗೋ ಹತ್ತಿರದ ಅರೋರಾದ ಬಾಲಾಜಿಗೆ ಹೇಳಿಕೊಂಡಿದ್ದ ಹರಕೆ ತೀರಿಸಲು ಎರಡೂ ಮನೆಯವರು ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಮರುದಿನ ಗಂಡಸರು ಮಕ್ಕಳನ್ನು ನೋಡಿಕೊಂಡು ಪರಿಚಿತರ ಮನೆಯಲ್ಲೇ ಉಳಿದರು. ನಾವಿಬ್ಬರು ಟ್ರೇನ್ ಹತ್ತಿ ಚಿಕಾಗೋ ನೋಡಲು ಹೊರಟೆವು. ಹೊರಗೆ ಸರೋವರದ ಗಾಳಿ ಕಿವಿ ಕತ್ತರಿಸುತ್ತಿತ್ತು. ಬೆಚ್ಚಗಿರಲಿ ಎಂದೇ ಒಂದು ಮ್ಯೂಸಿಯಂ ಹೊಕ್ಕೆವು. ಚಿತ್ರ, ಶಿಲೆ, ನಾಣ್ಯ ಎಲ್ಲ ದಾಟಿ ಒಂದು ಗಾಜಿನ ಪೆಟ್ಟಿಗೆಯ ಮುಂದೆ ಆಂಟಿ ನಿಂತರು. ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ ಹಿಂದಿರುಗಿ ನೋಡಿದರೆ, ಅವರ ಕೈ ಬಾಯಿಯ ಮೇಲಿತ್ತು.

ಒಳಗೆ ನಮ್ಮ ಶೆಟ್ಟಿ ನಿಂತಿದ್ದ. ನಮ್ಮವನಲ್ಲ, ಅವನ ಅಣ್ಣ ತಮ್ಮಂದಿರು, ನಾಲ್ಕೈದು ಜನ. ಅದೇ ಹೊಟ್ಟೆ, ಅದೇ ಬಾಯಿ. ಒಬ್ಬನ ತೋಳಿನಲ್ಲಿ ಅದೇ ಬುಟ್ಟಿ. ಕೆಳಗಿನ ಚೀಟಿಯನ್ನು ನಾನು ಓದಿ ಹೇಳಿದೆ. ಹಾಸ್ಯ ನಾಟಕದ ನಟರು, ಆಳಿನ ವೇಷದಲ್ಲಿ. ಗ್ರೀಸ್ ದೇಶ. ಸುಟ್ಟ ಮಣ್ಣು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನ.

"ಅಂದ್ರೆ ಎಷ್ಟು ವರ್ಷ ಆಯ್ತೇ?"

"ಎರಡು ಸಾವಿರದ ಮುನ್ನೂರರ ಮೇಲೆ."

ಆಂಟಿ ಅಲ್ಲಿಂದ ಕದಲಲಿಲ್ಲ. ಗೊಂಬೆಗಳ ಜೊತೆ ಬೆಳೆದ ಕಣ್ಣು ಅವರದು. ನಾನು ಚೀಟಿ ಓದಿದೆ, ಅವರು ಗೊಂಬೆಯನ್ನೇ ಓದಿದರು. ಆ ಹೊಟ್ಟೆ ಅವನದಲ್ಲ, ಕಟ್ಟಿಕೊಂಡದ್ದು ಎಂದು ತೋರಿಸಿದರು. ಮಣಿಕಟ್ಟಿನ ಬಳಿ ಒಳ ಉಡುಪಿನ ಅಂಚು ಸಣ್ಣ ಗೆರೆಯಾಗಿ ಮೂಡಿತ್ತು. ಆ ನಗುವೂ ಅವನದಲ್ಲ. ಅದು ಮುಖವಾಡ. "ಬಾಯೊಳಗೆ ನೋಡೇ, ಇನ್ನೊಂದು ಬಾಯಿದೆ," ಎಂದರು. ಬಗ್ಗಿ ನೋಡಿದೆ. ನಿಜ! ಆ ಅಗಲವಾದ ನಗುವಿನ ಒಳಗೆ ಮುಚ್ಚಿದ ಎರಡು ತುಟಿಗಳು, ಸೆಕೆಯಲ್ಲಿ ವೇಷ ಹಾಕಿಕೊಂಡು ತನ್ನ ಸರದಿಗೆ ಕಾಯುತ್ತಿರುವ ಯಾರೋ ಒಬ್ಬ ಮನುಷ್ಯನವು. ಕುಪ್ಪಳಿಸಿ, ಬಿದ್ದು, ಊರನ್ನೆಲ್ಲ ನಗಿಸಿ, ಸತ್ತು, ಅವನ ಭಾಷೆ ಆಡುತ್ತಿದ್ದವರೂ ಸತ್ತು, ಇಷ್ಟು ಕಾಲವಾದ ಮೇಲೂ ಅವನು ನಮ್ಮ ಟ್ರಾಯ್‌ನ ಮಕ್ಕಳನ್ನು ನಗಿಸಿದ್ದ! ಉಸಲಿ ತಿನ್ನುತ್ತಿದ್ದ ಮಕ್ಕಳನ್ನು!

ವಾಪಸ್ ಬರುವ ಟ್ರೇನಿನಲ್ಲಿ ಆಂಟಿ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದರು. ಅರ್ಧ ದಾರಿ ಕಳೆದ ಮೇಲೆ ನನ್ನ ಕೈ ಹಿಡಿದುಕೊಂಡರು.

"ಬಿಳೀ ನೀರು ಹೋಯ್ತಲ್ಲೇ... ಸಿಂಕಲ್ಲಿ..."

ತಿಕ್ಕಿ ಎಂದವಳು ನಾನೇ.

ಮನೆಗೆ ಬಂದ ಮೇಲೆ ಅವರು ಸರಿಯಾಗಿ ಊಟ ಮಾಡಲಿಲ್ಲ. ಶೆಟ್ಟಿಯನ್ನು ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ದಿನಕ್ಕೆ ನಾಲ್ಕು ಸಲ ತೆರೆದು ನೋಡುತ್ತಿದ್ದರಂತೆ. "ಡ್ಯಾಡ್, ಶಿ ಈಸ್ ಟಾಕಿಂಗ್ ಟು ದ ಡಾಲ್," ಎಂದು ಆಂಟಿಯ ಮಗ ಅಪ್ಪನಿಗೆ ದೂರು ಹೇಳಿದನಂತೆ. ಅದು ನಕಲಿಯೂ ಇರಬಹುದು, ಮ್ಯೂಸಿಯಂ ಅಂಗಡಿಗಳಲ್ಲಿ ಅಂಥವನ್ನು ಮಾರುತ್ತಾರೆ ಎಂದು ಆಂಟಿಯ ಗಂಡ, ನಮ್ಮ ಅಂಕಲ್, ಸಮಾಧಾನ ಹೇಳಿದರು. ನಕಲಿಯೇ ಆಗಿರಲಿ ಎಂದು ಆಂಟಿ ಭಾರತೀಯ ಟೆಂಪಲ್‌ಗೆ ಹೋಗಿ ಬೇಡಿಕೊಂಡು ಬಂದರು. ನಾನೂ ನಮಾಜ಼ಿನ ಕೊನೆಯಲ್ಲಿ ಅದನ್ನೇ ಕೇಳಿದೆ. ಎರಡು ಕಡೆಯಿಂದ ಅರ್ಜಿ ಹೋದರೂ ಮಂಜೂರಾಗಲಿಲ್ಲ.

ಡೆಟ್ರಾಯ್ಟ್ ಕಡೆಯ ಒಂದು ಕಾಲೇಜಿನಲ್ಲಿ ಪ್ರಾಚೀನ ಗ್ರೀಸ್ ಬಗ್ಗೆ ಪಾಠ ಹೇಳುವ ಪ್ರೊಫೆಸರ್ ಒಬ್ಬರಿಗೆ ನಾನು ಫೋನ್ ಮಾಡಿ ಸಮಯ ಕೇಳಿದೆ. ನರೆತ ಕೂದಲಿನ ಹೆಂಗಸು. ಹತ್ತಿಯ ಸುರುಳಿ ಬಿಚ್ಚಿ, ಕುಂಕುಮ ಮೀಸೆಗಳ ನಮ್ಮ ಶೆಟ್ಟಿಯನ್ನು ಕಂಡು ಆಕೆಯ ಹುಬ್ಬು ಮೇಲೇರಿತು. ದೀಪದ ಕೆಳಗೆ ಹಿಡಿದು, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಂಟಿ ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಸುತ್ತುತ್ತಿದ್ದರು.

ಕೊನೆಗೆ ಆಕೆ, ಇದು ಅಸಲಿಯೇ ಇರಬೇಕು ಎಂದರು.

ಆಂಟಿ ತಡೆಯಲಾರದೆ ತಮ್ಮ ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಕೊಂಡರು. ಸೋಪು, ಬ್ರಷ್, ಸಿಂಕು, ಬಿಳಿ ನೀರು. "ಐ ಓನ್ಲಿ ವಾಷ್ಡ್," ಎಂದರು. ಆಕೆ ಸುಳ್ಳು ಸಮಾಧಾನ ಹೇಳಲಿಲ್ಲ. ಆ ಬಿಳಿಯೇ ಹಳೆಯ ಬಣ್ಣದ ತಳಪದರ, ಹೋದದ್ದು ಬರುವುದಿಲ್ಲ ಎಂದರು. ಪೋಸ್ಟರ್ ಬಣ್ಣವನ್ನು ಮಾತ್ರ ಬಲ್ಲವರು ನಿಧಾನವಾಗಿ ತೆಗೆಯಬಹುದು, ಇನ್ನು ನೀವು ನೀರು ಮುಟ್ಟಿಸಬೇಡಿ ಎಂದರು. ಆಮೇಲೆ, ಆಂಟಿಯ ಮುಖ ನೋಡಿಯೋ ಏನೋ, ಇನ್ನೊಂದು ಮಾತು ಸೇರಿಸಿದರು. ಆ ಕಾಲದಲ್ಲೂ ಇವು ಬಣ್ಣ ಬಳಿದ ಗೊಂಬೆಗಳೇ. ಅಚ್ಚಿನಲ್ಲಿ ಒತ್ತಿ, ಸುಟ್ಟು, ಬಣ್ಣ ಹಚ್ಚಿ ಮಾರುತ್ತಿದ್ದರು. ನಾಟಕ ನೋಡಿ ನಕ್ಕವರು ಮನೆಗೆ ಒಯ್ದು ಇಟ್ಟುಕೊಂಡಿರಬಹುದು.

"ಮೆಟ್ಟಿಲ ಮೇಲೆ ಕೂರಿಸ್ತಿದ್ರಂತಾ, ಕೇಳೇ," ಎಂದರು ಆಂಟಿ. ಕೇಳಿದೆ. ಅದು ಗೊತ್ತಿಲ್ಲ ಎಂದು ಆಕೆ ಮೊದಲ ಸಲ ನಕ್ಕರು.

ಗೊಂಬೆಯ ಬೆನ್ನಿನಲ್ಲಿ, ಸುಡುವಾಗ ಒಡೆಯದಿರಲೆಂದು ಬಿಟ್ಟ ತೂತೊಂದಿತ್ತು. ಆಕೆ ಅದಕ್ಕೆ ಪುಟ್ಟ ಟಾರ್ಚ್ ಹಿಡಿದು, ಒಳಗೆ ನೋಡಿ ಎಂದು ನಮ್ಮನ್ನು ಕರೆದರು. ಮೊದಲು ಆಂಟಿ ನೋಡಿದರು. ಮತ್ತೆ ನಾನು. ಒಳಗಿನ ಮಣ್ಣಿನ ಮೇಲೆ ಒಂದು ಬೆರಳಿನ ಗುರುತು. ನಾದಿದ ಚಪಾತಿ ಹಿಟ್ಟಿನ ಮೇಲೆ ನನ್ನ ಬೆರಳು ಮೂಡುವ ಹಾಗೆ, ಗೆರೆಗೆರೆಯೂ ಸ್ಪಷ್ಟವಾಗಿ. ಅಚ್ಚಿಗೆ ಹಸಿ ಮಣ್ಣನ್ನು ಒತ್ತಿದವರ ಬೆರಳದು. ಗಂಡಸೋ ಹೆಂಗಸೋ, ಯಾವ ಊರೋ... ಆಮೇಲೆ ಎಷ್ಟು ರಾಜ್ಯಗಳು ಬಂದು ಹೋದವೋ, ಆ ಕತ್ತಲಲ್ಲಿ ಆ ಗೆರೆ ಹಾಗೇ ಉಳಿದಿತ್ತು. ದೊಡ್ಡ ದೊಡ್ಡ ಕೋಟೆ, ಗೋಪುರಗಳ ಮುಂದೆ ನಿಂತಿದ್ದೇನೆ. ಅವತ್ತು ಆ ಬೆರಳಿನ ಗುರುತು ನೋಡಿ ಆದಂಥ ವಿಸ್ಮಯ ನನಗೆ ಇನ್ನೆಲ್ಲೂ ಆಗಿಲ್ಲ.

ಆಂಟಿಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಒಳಗಡೆ ನಾನು ತೊಳೆದಿಲ್ಲ ಕಣೇ," ಎಂದರು. "ಪುಣ್ಯ."

ಇನ್ನು ಉಳಿದದ್ದು ಗೊಂಬೆಯ ಒಡೆಯರು. ತಿಳಿಯದೆ ಕೊಟ್ಟದ್ದನ್ನು ತಿಳಿದೂ ಇಟ್ಟುಕೊಂಡರೆ ಅದು ಕಳ್ಳತನವೇ ಎಂದು ಆಂಟಿ ಹಟ ಹಿಡಿದರು. ಕೊಟ್ಟರೆ ಶೆಟ್ಟಮ್ಮ ಮತ್ತೆ ಒಬ್ಬಳೇ, ಅದೂ ಅವರಿಗೆ ಗೊತ್ತಿತ್ತು. ಆ ಭಾನುವಾರವೇ ವೆಸ್ಟ್ ಬ್ಲೂಮ್‌ಫೀಲ್ಡಿಗೆ ಹೋದೆವು. ಮುದುಕರು ಬಾಗಿಲು ತೆರೆದರು, ನಮ್ಮ ಗುರುತು ಹತ್ತಲಿಲ್ಲ. ಅಡುಗೆಮನೆಯ ಟೇಬಲ್ ಮೇಲೆ ಆಂಟಿ ಹತ್ತಿ ಬಿಚ್ಚಿದರು. ಬಯ್ಯುತ್ತಾರೆ, ಪೊಲೀಸರನ್ನೇ ಕರೆಯುತ್ತಾರೇನೋ ಎಂದು ನಾನು ಕಾರಿನ ಕೀಲಿ ಕೈಯಲ್ಲೇ ಹಿಡಿದು ನಿಂತಿದ್ದೆ.

ಅವರು ಮೀಸೆ ನೋಡಿದರು. ಪಂಚೆ ನೋಡಿದರು. ಭುಜ ಕುಲುಕತೊಡಗಿತು. ನಕ್ಕರು, ಕೆಮ್ಮುವ ತನಕ ನಕ್ಕು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಹೇಳಿದರು. ಅದು ಹೆಂಡತಿಯ ತವರಿನದು. ಆಕೆಯ ತಂದೆ ಗ್ರೀಸಿನಿಂದ ಹಡಗಿನಲ್ಲಿ ಅಡುಗೆಯವನಾಗಿ ಬಂದವನು, ಬರುವಾಗ ತಂದದ್ದು. ಆಕೆ ಇದನ್ನು ಸಿಂಕಿನ ಮೇಲಿನ ಕಿಟಕಿಯಲ್ಲಿಟ್ಟು, ತನ್ನ ಸೋದರಮಾವ ಎಂದು ಕರೆದು, ದಿನಾ ಬೆಳಿಗ್ಗೆ ನಕ್ಕು ಮಾತಾಡಿಸುತ್ತಿದ್ದಳಂತೆ. ಅವಳು ಹೋದ ಮೇಲೆ ಇದೊಂದೇ ಆ ಕಿಟಕಿಯಲ್ಲಿ ನಗುತ್ತಿತ್ತು, ನೋಡಲಾಗದೆ ಡಬ್ಬಕ್ಕೆ ಹಾಕಿದೆ ಎಂದರು. ಹಳೆಯದೆಂದು ಅವರಿಗೂ ತಿಳಿದಿರಲಿಲ್ಲ. ಎಲ್ಲ ಕೇಳಿದ ಮೇಲೂ, ನಿಮ್ಮ ಮನೆಯಲ್ಲಿ ನಗುವವರಿದ್ದಾರೆ, ನೀವೇ ಇಟ್ಟುಕೊಳ್ಳಿ ಎಂದು ಆಂಟಿಯ ಕೈಗೇ ಕೊಟ್ಟರು.

ಆ ನವರಾತ್ರಿಗೆ ಶೆಟ್ಟಿ ಮತ್ತೆ ಶೆಟ್ಟಮ್ಮನ ಪಕ್ಕ ಕುಳಿತ. ಸ್ನಾನವಿಲ್ಲ, ಹೊಸ ಬಣ್ಣವಿಲ್ಲ. ಮುದುಕರೂ ಟೈ ಕಟ್ಟಿಕೊಂಡು ಬಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಸಲಿ ತಿಂದರು. ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ಒಂದು ಗೊಂಬೆಯನ್ನು ಮಲಗಿಸುವುದು ವಾಡಿಕೆ, ಹಬ್ಬ ಮುಗಿಯಿತೆಂದು. ಪ್ರತಿ ವರ್ಷ ಪಟ್ಟದ ಗೊಂಬೆಯನ್ನು ಮಲಗಿಸುತ್ತಿದ್ದ ಆಂಟಿ ಅವತ್ತು ಶೆಟ್ಟಿಯನ್ನು ಮಲಗಿಸಿದರು. ಆಗಲೇ ನನಗೆ ಅರ್ಥವಾಯಿತು.

"ಕಾಲೇಜಿಗೆ ಕೊಟ್ಬಿಡ್ತೀನಿ ಕಣೇ. ಇಲ್ಲಿದ್ರೆ ನನ್ನ ಕೈ ಸುಮ್ಮನಿರಲ್ಲ, ಮುಂದಿನ ವರ್ಷ ಮತ್ತೆ ಬ್ರಷ್ ಹಿಡೀತೀನಿ. ನಾನು ಹೋದ್ಮೇಲೆ ನನ್ನ ಮಗನೂ ಒಂದು ಫ್ರೀ ಡಬ್ಬ ಇಡ್ತಾನೆ."

"ಶೆಟ್ಟಮ್ಮ?" ಎಂದೆ.

"ಅವಳಿಗೆ ಒಬ್ಬಳೇ ಅಂಗಡಿ ನೋಡ್ಕೊಂಡು ಅಭ್ಯಾಸ ಇದೆ ಬಿಡು," ಎಂದು ನಕ್ಕರು. ಹೊಟ್ಟೆ ನಗಲಿಲ್ಲ. ಆ ನಗುವಿನ ಒಳಗಿನ ತುಟಿಗಳನ್ನು ಅವತ್ತು ನಾನು ಕಂಡೆ.

ಮೂಲ ಒಡೆಯರೆಂದು ದಾನದ ಕಾಗದಕ್ಕೆ ಸಹಿ ಹಾಕಿದವರು ಆ ಮುದುಕರು. ಪ್ರೊಫೆಸರ್ ಕೈಗೆ ಗೊಂಬೆ ಕೊಟ್ಟವರು ಆಂಟಿ. ಕೊಡುವ ಮುಂಚೆ ಅದರ ಮುಂದೆ ನಾಲ್ಕು ಕಾಳು ಅಕ್ಕಿ ಇಟ್ಟರು. ಏಕೆಂದು ಆಕೆಯೂ ಕೇಳಲಿಲ್ಲ.

ಆಮೇಲೆ ಆರು ನವರಾತ್ರಿಗಳು. ಏಳನೆಯದಕ್ಕೆ ಆಂಟಿ ಇರಲಿಲ್ಲ. ಕಾಯಿಲೆ ಬೇಗ ಬೇಗ ಬೆಳೆಯಿತು. ಆಸ್ಪತ್ರೆಯಲ್ಲಿ ನರ್ಸುಗಳನ್ನು ನಗಿಸುತ್ತಲೇ ಇದ್ದರು... ಅಂಕಲ್ ಮನೆ ಮಾರಿ ಮಗನ ಊರಿಗೆ ಹೋಗುವಾಗ ಗೊಂಬೆಗಳೆಲ್ಲ ದೇವಸ್ಥಾನಕ್ಕೆ ಹೋದವು. ಶೆಟ್ಟಮ್ಮನನ್ನು ಮಾತ್ರ ನನಗೆ ಕೊಡಬೇಕೆಂದು ಆಂಟಿ ಬರೆದಿಟ್ಟಿದ್ದರು. ನಮ್ಮ ಮನೆಯಲ್ಲಿ ಗೊಂಬೆ ಇಡುವ ಪದ್ಧತಿಯಿಲ್ಲ. ಅವಳು ನನ್ನ ಅಡುಗೆಮನೆಯಲ್ಲಿ, ಬೇಳೆ ಡಬ್ಬಗಳ ಪಕ್ಕ ಇದ್ದಾಳೆ. ಅಂಗಡಿಯವಳಿಗೆ ಸರಿಯಾದ ಜಾಗ ಎಂದು ನನ್ನ ಗಂಡನ ಸಮಜಾಯಿಷಿ.

ಬಣ್ಣದ ಶೀಷೆ ಸಿಕ್ಕ ವಾರವೇ ಕಾಲೇಜಿಗೆ ಹೋದೆ. ಮಗಳೂ ಬಂದಿದ್ದಳು. ಆಂಟಿಯ ಮನೆಯ ಉಸಲಿ ತಿಂದು ಬೆಳೆದವಳೇ, ಆದರೆ ಅವರ ಮುಖ ಅವಳಿಗೆ ಮಸುಕಾಗುತ್ತಿದೆಯಂತೆ. ಕಾರಿಡಾರಿನ ಕೊನೆಯ ಗಾಜಿನ ಪೆಟ್ಟಿಗೆಯಲ್ಲಿ ಅವನಿದ್ದ. ಮೀಸೆಯಿಲ್ಲ, ಕುಂಕುಮವಿಲ್ಲ, ಪಂಚೆಯೂ ಇಲ್ಲ. ಮಗಳು ಕಿಸಕ್ಕೆಂದಳು. ನಾನು ಹ್ಯಾಂಡ್‌ಬ್ಯಾಗಿನಿಂದ ಶೆಟ್ಟಮ್ಮನನ್ನು ತೆಗೆದು ಗಾಜಿಗೆ ಹತ್ತಿರ ಹಿಡಿದೆ.

"ಅಮ್ಮೀ! ಪೀಪಲ್ ಆರ್ ಲುಕಿಂಗ್!"

ನೋಡಲಿ. ಎಂಟು ವರ್ಷದ ಮೇಲೆ ಗಂಡ ಹೆಂಡಿರು ಮುಖ ನೋಡುತ್ತಿದ್ದಾರೆ.

ಪಕ್ಕದ ಚೀಟಿಯನ್ನು ಮಗಳು ಓದಿದಳು. ನಟ, ಆಳಿನ ವೇಷ, ಸುಟ್ಟ ಮಣ್ಣು. ಆ ಮುದುಕರ ಹೆಂಡತಿಯ ನೆನಪಿಗೆ ಕೊಟ್ಟದ್ದು. ಗೊಂಬೆ ಆಂಟಿಯ ಹೆಸರು ಎಲ್ಲೂ ಇರಲಿಲ್ಲ. ಕೊನೆಯ ಸಾಲು ಸಣ್ಣ ಅಕ್ಷರದಲ್ಲಿತ್ತು. ಮೂಲ ಬಣ್ಣ ಬಹುಪಾಲು ಉಳಿದಿಲ್ಲ. ಕಿವಿಯ ಹಿಂದೆ ನಂತರದ ಕಾಲದ ಹಳದಿ ಬಣ್ಣದ ಗುರುತು.

ಪಕ್ಕಕ್ಕೆ ಸರಿದು, ಗಾಜಿಗೆ ಕೆನ್ನೆ ಒತ್ತಿ ನೋಡಿದೆ. ಇತ್ತು. ಅಕ್ಕಿಕಾಳಿನಷ್ಟು ಹಳದಿ, ಒಂಟಿ ಬಿಡಿಸುವಾಗ ಕುಂಚ ಹಿಂದಕ್ಕೆ ಜಾರಿದ ಗೆರೆ. ಇನ್ನೊಂಚೂರು ತಿಕ್ರಿ ಎಂದು ನಾನು ಹೇಳಿದ್ದು ಆ ಜಾಗವನ್ನೇ.

"ನಂತರದ ಕಾಲ ಅಂದ್ರೆ ಯಾವಾಗ, ಅಮ್ಮೀ?" ಎಂದು ಮಗಳು ಕೇಳಿದಳು, ಅಪರೂಪಕ್ಕೆ ಕನ್ನಡದಲ್ಲಿ.

"ನೀನು ಮೂರು ವರ್ಷದವಳಿದ್ದಾಗ," ಎಂದೆ. ಶೆಟ್ಟಮ್ಮನನ್ನು ಮಗಳ ಕೈಗೆ ಕೊಟ್ಟು, ಮೂಗು ಒರೆಸಿಕೊಳ್ಳಲು ಬ್ಯಾಗಿನಲ್ಲಿ ಕರವಸ್ತ್ರ ಹುಡುಕಿದೆ. ಅವಳು ಆ ಗೊಂಬೆಯನ್ನು ಒಂದು ಕ್ಷಣ ನೋಡಿ, ಯಾರು ನೋಡುತ್ತಿದ್ದಾರೆಂದು ಲಕ್ಷಿಸದೆ, ತಾನೇ ಗಾಜಿಗೆ ಹಿಡಿದು ನಿಂತಳು.